ಹಿಮದ ಚಾರಣಕ್ಕೆ ಯಾವ ಸ್ಟೌ? ಮಲೆನಾಡಿನಿಂದ ಬಂದ ಹೊಸಬರಿಗೆ

ಕೊಡಚಾದ್ರಿ, ಕುಂದಾದ್ರಿ ಹತ್ತಿದವರಿಗೆ ಮಳೆ ಗೊತ್ತು, ಇಂಬಳ ಗೊತ್ತು. ಸೊನ್ನೆಗಿಂತ ಕೆಳಗಿನ ಚಳಿ ಗೊತ್ತಿಲ್ಲ. ಕೆನಡಾಕ್ಕೋ ಕೊಲರಾಡೋಗೋ ಬಂದ ಹೊಸತರಲ್ಲಿ ನಮ್ಮವರು ಅಂಗಡಿಯಲ್ಲಿ ಕೇಳುವುದು ಎರಡೇ: ತೂಕ ಎಷ್ಟು, ರೇಟು ಎಷ್ಟು. ಸ್ಟೌವಿಗೆ ಜೋಡಿಸುವ ಡಬ್ಬಿಯೊಳಗಿನ ಗ್ಯಾಸ್ ಯಾವುದೆಂದು ಕೇಳುವುದೇ ಇಲ್ಲ.

ಬ್ಯೂಟೇನ್ ಕುದಿಯುವುದು ಮೈನಸ್ 0.5 ಡಿಗ್ರಿಯಲ್ಲಿ. ಅದಕ್ಕಿಂತ ಚಳಿಯಾದರೆ ದ್ರವವಾಗಿಯೇ ಉಳಿದು ಬರ್ನರಿಗೆ ಏರುವುದಿಲ್ಲ. ಐಸೋಬ್ಯೂಟೇನ್ ಸುಮಾರು ಮೈನಸ್ 12, ಪ್ರೊಪೇನ್ ಮೈನಸ್ 42. ಮಿಶ್ರಣ ತಂದರೂ ಪ್ರೊಪೇನ್ ಬೇಗ ಮುಗಿಯುತ್ತದೆ, ಉರಿಯುತ್ತಾ ಡಬ್ಬಿಯೂ ತಣ್ಣಗಾಗುತ್ತದೆ. ಹಾಗಾಗಿ ಡಬ್ಬಿಯ ತಲೆಗೆ ತಿರುಗಿಸಿ ಕೂರಿಸುವ ನೂರು ಗ್ರಾಮಿನ ಸ್ಟೌ ಸಂಜೆ ಉರಿದು ಬೆಳಿಗ್ಗೆ ಕೈಕೊಡುತ್ತದೆ. ಗಾಳಿ ತಡೆಯಲೆಂದು ಅದರ ಸುತ್ತ ತಗಡು ಮುಚ್ಚಬೇಡಿ, ಡಬ್ಬಿ ಕಾದು ಸಿಡಿಯಬಹುದು. ಮೈನಸ್ 15ರ ಆಸುಪಾಸಿನ ತನಕ ಪೈಪಿನ ಸ್ಟೌ, ಅಂದರೆ ಡಬ್ಬಿ ಬೇರೆಯಾಗಿದ್ದು ಪೈಪಿನಲ್ಲಿ ಗ್ಯಾಸ್ ಬರುವಂಥದ್ದು, ಸಾಕು. ಅದರ ಪೈಪು ಜ್ವಾಲೆಯ ಮೂಲಕ ಹಾದುಹೋಗುವಂತಿರಬೇಕು. ಹಚ್ಚಿ ಒಂದು ನಿಮಿಷ ಬಿಟ್ಟು ಡಬ್ಬಿಯನ್ನು ತಲೆಕೆಳಗು ಮಾಡಿ; ಆಗ ದ್ರವವೇ ಪೈಪಿಗಿಳಿದು ಜ್ವಾಲೆಯ ಶಾಖಕ್ಕೆ ಗ್ಯಾಸ್ ಆಗುತ್ತದೆ.

ಅದಕ್ಕೂ ಕೆಳಗಿನ ಚಳಿಗೆ ವೈಟ್ ಗ್ಯಾಸ್, ಪೆಟ್ರೋಲ್ ಜಾತಿಯ ದ್ರವ. ತೂಕ ಜಾಸ್ತಿ, ಕಿರಿಕಿರಿಯೂ ಜಾಸ್ತಿ, ಆದರೆ ನಂಬಬಹುದು. ಅಜ್ಜಿಮನೆಯ ಸೀಮೆಎಣ್ಣೆ ಪಂಪ್ ಸ್ಟೌ ನೆನಪಿದ್ದವರಿಗೆ ಅರ್ಧ ವಿದ್ಯೆ ಬಂದ ಹಾಗೆ. ಬಾಟಲಿಯನ್ನು ಗೆರೆಯವರೆಗೆ ಮಾತ್ರ ತುಂಬಿಸಿ, ಇಪ್ಪತ್ತು ಸಲ ಪಂಪ್ ಹೊಡೆದು, ಬರ್ನರಿನ ಕೆಳಗಿನ ಬಟ್ಟಲಿಗೆ ಅರ್ಧ ಚಮಚ ಇಂಧನ ಇಳಿಸಿ, ವಾಲ್ವ್ ಮುಚ್ಚಿ ಹಚ್ಚಿ. ಆ ಉರಿ ಆರುವ ಹೊತ್ತಿಗೆ ವಾಲ್ವನ್ನು ನಿಧಾನ ತೆರೆಯಿರಿ. ಹಳದಿ ಉರಿ ಎದ್ದರೆ ಕೊಳವೆ ಕಾದಿಲ್ಲ. ಮುಚ್ಚಿ, ಮತ್ತೆ ಮಾಡಿ. ಪಂಪಿನ ವಾಷರ್ ಒಣಗಿದರೆ ಒತ್ತಡ ನಿಲ್ಲುವುದಿಲ್ಲ, ಒಂದು ಹನಿ ಎಣ್ಣೆ ಬಿಡಿ. ಇಂಧನ ಕೈಗೆ ಚೆಲ್ಲಿದರೆ ಕಡುಚಳಿಯಲ್ಲಿ ಚರ್ಮ ಹೆಪ್ಪುಗಟ್ಟುತ್ತದೆ; ಗ್ಲೌಸ್ ಹಾಕಿಯೇ ತುಂಬಿಸಿ.

ಹಿಮ ಕರಗಿಸಿಯೇ ನೀರು ಮಾಡಬೇಕಾದರೆ ಇಂಧನ ಜಾಸ್ತಿ ಬೇಕು. ಸೊನ್ನೆ ಡಿಗ್ರಿಯ ಹಿಮ ಕರಗುವಷ್ಟು ಶಾಖದಲ್ಲಿ ಅಷ್ಟೇ ನೀರು ಸೊನ್ನೆಯಿಂದ 80 ಡಿಗ್ರಿಗೆ ಕಾಯುತ್ತದೆ. ಪಾತ್ರೆಯ ತಳದಲ್ಲಿ ಮೊದಲು ಸ್ವಲ್ಪ ನೀರಿರಲಿ, ಬರೀ ಹಿಮ ಹಾಕಿದರೆ ತಳ ಸೀಯುತ್ತದೆ. ಸ್ಟೌ ಕೆಳಗೊಂದು ಹಲಗೆ ಇಡಿ. ಕುಚ್ಚಲಕ್ಕಿ ಗಂಜಿಯ ಆಸೆ ಬಿಡಿ, ಅವಲಕ್ಕಿಗೆ ಬಿಸಿನೀರು ಸಾಕು.

ಪರ್ಮಿಟ್ ವಿಚಾರ ಪಾರ್ಕಿನ ಕಚೇರಿಯಲ್ಲಿ ಕೇಳಿ. ವಿಮಾನದಲ್ಲಿ ಇಂಧನ ಒಯ್ಯುವಂತಿಲ್ಲ, ಹೋದ ಊರಲ್ಲೇ ಕೊಳ್ಳಿ.

ಇಲ್ಲೇ ಹುಟ್ಟಿದ ಮಕ್ಕಳಿಗೆ ಬಚ್ಚಲೊಲೆಯೂ ಗೊತ್ತಿಲ್ಲ, ಪಂಪ್ ಸ್ಟೌವಿನ ಭರ್ರೆನ್ನುವ ಸದ್ದೂ ಗೊತ್ತಿಲ್ಲ. ಪಂಪ್ ಹೊಡೆಯುವ ಕೆಲಸ ಅವರಿಗೇ ಕೊಡಿ, ಹಚ್ಚುವುದು ದೊಡ್ಡವರು. ನಮಗೆ ಹೊಗೆ ಕಣ್ಣಿಗೆ ಹೊಡೆದಾಗ ಎದ್ದು ಕಿಟಕಿ ತೆಗೆದು ಅಭ್ಯಾಸ. ಆದರೆ ಸ್ಟೌ ಉರಿಯುವಾಗ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಷ್ಟೇ ಚಳಿಯಿದ್ದರೂ ಟೆಂಟಿನೊಳಗೆ ಸ್ಟೌ ಹಚ್ಚಬೇಡಿ.