ಹಳೇ ಸುಣ್ಣದ ಗೋಡೆಗೆ ಹೊಸ ಬಣ್ಣ: ಒಂದು ಕೋಣೆ, ಆರು ದಿನ

ದಾವಣಗೆರೆಯ ಹಳೇಪೇಟೆ, ಚೌಕಿಪೇಟೆ ಕಡೆಯ ಮನೆಗಳಲ್ಲಾಗಲಿ, ಚಿತ್ರದುರ್ಗದ ಕೋಟೆ ಕೆಳಗಿನ ಓಣಿಗಳಲ್ಲಾಗಲಿ, ಹೊಸದಾಗಿ ಹೊಡೆದ ಎಮಲ್ಶನ್ ಬಣ್ಣ (ನೀರು ಬೆರೆಸಿ ಹೊಡೆಯುವ ಬಣ್ಣ) ವರ್ಷ ತುಂಬುವುದರೊಳಗೆ ಹಪ್ಪಳದಂತೆ ಎದ್ದು ನಿಲ್ಲುವುದು ಮಾಮೂಲು. ಬಣ್ಣ ಚೆನ್ನಾಗಿರಲಿಲ್ಲ ಅಂತ ಅಂದುಬಿಡುತ್ತೇವೆ. ಎದ್ದ ಚಕ್ಕೆಯೊಂದನ್ನು ಕಿತ್ತು ತಿರುವಿ ನೋಡಿ. ಹಿಂಬದಿಗೆ ಬಿಳಿ ಪುಡಿ ಅಂಟಿಕೊಂಡಿದ್ದರೆ ಬಣ್ಣದ ತಪ್ಪಿಲ್ಲ. ಯುಗಾದಿಗೊಮ್ಮೆ, ದುಗ್ಗಮ್ಮನ ಜಾತ್ರೆಗೊಮ್ಮೆ ಅಂತ ಒಂದರ ಮೇಲೊಂದು ಬಳಿದ ಸುಣ್ಣ ಒಳಗೆ ಪದರ ಪದರವಾಗಿ ಸಡಿಲಗೊಂಡಿದೆ. ಬಣ್ಣ ಸುಣ್ಣವನ್ನು ಹಿಡಿದಿದೆ, ಸುಣ್ಣ ಗೋಡೆಯನ್ನು ಹಿಡಿದಿಲ್ಲ. ಅದಕ್ಕೇ ಆರು ದಿನದ ಕೆಲಸದಲ್ಲಿ ನಾನು ನಾಲ್ಕು ದಿನ ಬಣ್ಣದ ಡಬ್ಬ ತೆರೆಯುವುದೇ ಇಲ್ಲ.

ಲೆಕ್ಕಕ್ಕೆ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಇಟ್ಟುಕೊಳ್ಳೋಣ. ನಾಲ್ಕು ಗೋಡೆ ಸೇರಿ 440 ಚದರ ಅಡಿ. 3 ಅಡಿ ಅಗಲ 7 ಅಡಿ ಎತ್ತರದ ಒಂದು ಬಾಗಿಲು, 4 ಅಡಿಯ ಚೌಕ ಕಿಟಕಿ ಒಂದು ಕಳೆದರೆ ಹತ್ತಿರಹತ್ತಿರ 400. ಸೂರು 120. ಇದಕ್ಕೆ ನಾನು ತರುವುದು ಗೋಡೆ ನಯ ಮಾಡಲು ಸಿಮೆಂಟ್ ಪುಟ್ಟಿ 40 ಕಿಲೋ, ಬಣ್ಣಕ್ಕಿಂತ ಮೊದಲು ಹೊಡೆಯಲು ನೀರಿನ ಪ್ರೈಮರ್ 5 ಲೀಟರ್, ಗೋಡೆಗೆ ಎಮಲ್ಶನ್ 7 ಲೀಟರ್, ಸೂರಿಗೆ ಬಿಳಿ 2 ಲೀಟರ್. ಇದು ಎರಡೆರಡು ಕೈ, ಅಂದರೆ ಎರಡೆರಡು ಸಲ ಹೊಡೆಯುವ ಬಣ್ಣದ ಲೆಕ್ಕ. ನಯವಾದ ಗೋಡೆಯಾದರೆ ಪುಟ್ಟಿ 30 ಕಿಲೋದಲ್ಲೇ ಮುಗಿದೀತು. ಹಳೇ ಗಾರೆ ಗೋಡೆ ಹೆಚ್ಚು ಕುಡಿಯುತ್ತದೆ.

ಮೊದಲು ಪರೀಕ್ಷೆ. ಕಪ್ಪು ಬಟ್ಟೆಯಿಂದ ಗೋಡೆಯನ್ನು ಒತ್ತಿ ಒರೆಸುತ್ತೇನೆ. ಆಮೇಲೆ ಅಗಲದ ಸೆಲೋಟೇಪನ್ನು ಗಟ್ಟಿಯಾಗಿ ಅಂಟಿಸಿ ಒಂದೇ ಎಳೆತಕ್ಕೆ ಕೀಳುತ್ತೇನೆ. ಬಟ್ಟೆ ಬೆಳ್ಳಗಾಗಿ, ಟೇಪಿಗೆ ಪುಡಿ ಮೆತ್ತಿಕೊಂಡು ಬಂದರೆ ಸುಣ್ಣ ಪೂರ್ತಿ ಹೋಗಬೇಕು. ನಾಲ್ಕೂ ಗೋಡೆಗಳಲ್ಲಿ, ಮೇಲೆ ಕೆಳಗೆ ಎರಡೂ ಕಡೆ ನೋಡಬೇಕು. ಒಂದೇ ಕೋಣೆಯಲ್ಲಿ ಒಂದು ಗೋಡೆ ಗಟ್ಟಿ, ಪಕ್ಕದ್ದು ಪುಡಿಪುಡಿ ಇರುತ್ತದೆ.

ಸುಣ್ಣವನ್ನು ಒಣಗಿದ ಹಾಗೇ ಕೆರೆಯಬಾರದು. ಮನೆಯೆಲ್ಲ ಧೂಳಾಗುತ್ತದೆ, ಶ್ವಾಸಕ್ಕೂ ಕೆಟ್ಟದ್ದು, ಕೈಯೂ ಸೋಲುತ್ತದೆ. ಮೂರಡಿ ಚೌಕದಷ್ಟು ಜಾಗಕ್ಕೆ ನೀರು ಸಿಂಪಡಿಸಿ ಹತ್ತು ನಿಮಿಷ ಬಿಟ್ಟು, ಮತ್ತೊಮ್ಮೆ ಸಿಂಪಡಿಸಿ, 4 ಇಂಚು ಅಗಲದ ಕೆರೆಯುವ ಪಟ್ಟಿಯನ್ನು ಗೋಡೆಗೆ ಓರೆಯಾಗಿ ಹಿಡಿದು ತಳ್ಳಿದರೆ ಸುಣ್ಣ ಹಾಳೆ ಹಾಳೆಯಾಗಿ ಬೀಳುತ್ತದೆ. ಪಟ್ಟಿಯ ಮೂಲೆಗಳನ್ನು ಮೊದಲೇ ಅರದಿಂದ ಸ್ವಲ್ಪ ದುಂಡಗೆ ಮಾಡಿಕೊಂಡರೆ ಗಾರೆಗೆ ಗೀರು ಬೀಳುವುದಿಲ್ಲ. ಮರಳಿನ ಕಾಳು ಕಾಣಿಸಿದಾಗ ನಿಲ್ಲಿಸಿ, ತೆಂಗಿನ ನಾರಿನ ಬ್ರಷ್‌ನಿಂದ ತಿಕ್ಕಿ ತೊಳೆಯುತ್ತೇನೆ. ಒಬ್ಬರೇ ಮಾಡಿದರೆ ಈ ಗೋಡೆಗಳಿಗೆ ಎರಡು ದಿನ ಹಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಬೇಕು.

ಸೌದೆ ಒಲೆ ಉರಿಸಿದ ಅಡುಗೆಮನೆಯಲ್ಲಿ, ಮಂಡಕ್ಕಿ ಭಟ್ಟಿಗಳ ಅಕ್ಕಪಕ್ಕದ ಮನೆಗಳಲ್ಲಿ ಸುಣ್ಣದ ಜೊತೆ ಹೊಗೆಮಸಿಯೂ ಇರುತ್ತದೆ. ಹತ್ತು ಲೀಟರ್ ಬಿಸಿನೀರಿಗೆ 200 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಕೈಗವಸು ಹಾಕಿಕೊಂಡು, ಕೆಳಗಿನಿಂದ ಮೇಲಕ್ಕೆ ತಿಕ್ಕಬೇಕು. ಮೇಲಿಂದ ಶುರುಮಾಡಿದರೆ ಇಳಿದ ಮಸಿನೀರು ಒಣಗಿದ ಗೋಡೆಯ ಮೇಲೆ ಗೆರೆ ಎಳೆದು ಅಲ್ಲೇ ಕೂರುತ್ತದೆ. ಆಮೇಲೆ ಎರಡು ಸಲ ಬರೀ ನೀರು. ತೊಳೆದರೂ ಹೋಗದ ಕಂದು ಕಲೆ ನೀರಿನ ಬಣ್ಣವನ್ನು ತೂರಿಕೊಂಡು ಹಳದಿಯಾಗಿ ಮೇಲೆ ಬರುತ್ತದೆ, ಎಷ್ಟು ಕೈ ಹೊಡೆದರೂ ಅಷ್ಟೇ. ಅಲ್ಲಿಗೆ ಮಾತ್ರ, ಪುಟ್ಟಿ ಮುಗಿದ ಮೇಲೆ, ಆಯಿಲ್ ಪ್ರೈಮರ್ ಒಂದು ಕೈ ಹಚ್ಚುತ್ತೇನೆ.

ಇನ್ನು ಬಿರುಕು. ನಮ್ಮ ಕಡೆ ಇದನ್ನು ಹಗುರವಾಗಿ ನೋಡುವಂತಿಲ್ಲ. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳು ಬಹಳ. ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಪಾಯ ಆಳಕ್ಕೆ ಹೋಗಿರದಿದ್ದರೆ ಗೋಡೆಯೂ ಅದರ ಜೊತೆ ಏರಿಳಿಯುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೊರಟ ಬಿರುಕು ಕಂಡರೆ ಮೊದಲು ಸಂಶಯ ಪಡುವುದು ಇದನ್ನೇ. ಅಂಥ ಬಿರುಕಿಗೆ ಅಡ್ಡಲಾಗಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಬಿರುಕಿನ ಎರಡೂ ಕೊನೆಗೆ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಬರೆದಿಡುತ್ತೇನೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಅದು ಅಗಲವಾಗಿಲ್ಲ, ಉದ್ದವಾಗಿಲ್ಲ ಅಂದರೆ ಮುಚ್ಚಬಹುದು. ಬೆಳೆಯುತ್ತಿದ್ದರೆ ಪುಟ್ಟಿ ಅದಕ್ಕೆ ಮದ್ದಲ್ಲ, ಎಂಜಿನಿಯರನ್ನು ಕರೆಸಿ ಪಾಯ ತೋರಿಸಬೇಕು.

ಕೂದಲೆಳೆಯ ಬಿರುಕುಗಳು ಬೇರೆ, ಅವು ಗಾರೆಯ ಮೇಲ್ಮೈಯವು. ಪಟ್ಟಿಯ ಮೂಲೆಯಿಂದ ಬಿರುಕನ್ನು 5 ಮಿಲಿಮೀಟರ್‌ನಷ್ಟು ಅಗಲ, ಅಷ್ಟೇ ಆಳಕ್ಕೆ ಬಿಡಿಸಿ, ಬ್ರಷ್‌ನಿಂದ ಪುಡಿ ತೆಗೆದು, ತೇವ ಮಾಡಿ, ಕ್ರ್ಯಾಕ್ ಫಿಲ್ಲರ್ ಒತ್ತುತ್ತೇನೆ. ಬಿಡಿಸದೆ ಮೇಲೆ ಸವರಿದರೆ ಫಿಲ್ಲರ್ ಒಳಗೆ ಇಳಿಯದೆ ಬಾಯಲ್ಲೇ ಕೂತು, ಮುಂದಿನ ಬೇಸಿಗೆಗೆ ಅದೇ ಗೆರೆ ಮತ್ತೆ ಬಾಯಿ ಬಿಡುತ್ತದೆ. ಆಳದ ಗುಂಡಿಯನ್ನು ಒಂದೇ ಸಲ ತುಂಬಬಾರದು. ತುಂಬಿ, ಒಣಗಿಸಿ, ಮತ್ತೆ ತುಂಬಬೇಕು, ಇಲ್ಲದಿದ್ದರೆ ನಡುವೆ ಕುಸಿಯುತ್ತದೆ. ಕಾಂಕ್ರೀಟ್ ಕಂಬವೂ ಇಟ್ಟಿಗೆಯೂ ಸೇರುವ ಕಡೆ ನೆಟ್ಟಗೆ ಬಿರುಕು ಬಂದಿದ್ದರೆ ಫಿಲ್ಲರ್ ಮೇಲೆ ಫೈಬರ್ ಜಾಲರಿ ಟೇಪ್ ಅಂಟಿಸಿ ಅದರ ಮೇಲೆ ಪುಟ್ಟಿ ಎಳೆಯುತ್ತೇನೆ.

ಗೋಡೆಯ ಕೆಳಗಿನ ಎರಡು ಮೂರಡಿ ಉಬ್ಬಿ, ಬಿಳಿ ಉಪ್ಪು ಹೂವಿನಂತೆ ಕಕ್ಕುತ್ತಿದ್ದರೆ ಬಣ್ಣದ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡುತ್ತೇನೆ. ಹಾಳೆಯ ಒಳಬದಿಗೆ, ಗೋಡೆಯ ಕಡೆ ನೀರ ಹನಿ ಕೂತಿದ್ದರೆ ತೇವ ಗೋಡೆಯೊಳಗಿನದು. ಹೊರಬದಿಗೆ ಕೂತಿದ್ದರೆ ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಸಾಕು. ಗೋಡೆಯದಾದರೆ ಮೂಲ ಹುಡುಕಬೇಕು. ಆಚೆ ಬದಿಗೆ ಬಚ್ಚಲಿದೆಯೇ, ಪೈಪ್ ಸೋರುತ್ತಿದೆಯೇ, ರಸ್ತೆ ಏರಿಸಿದ್ದರಿಂದ ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ? ಕೊನೆಯದು ಹಳೇ ಓಣಿಗಳಲ್ಲಿ ತುಂಬ ಸಾಮಾನ್ಯ.

ಮೂಲ ಸರಿಮಾಡಿದ ಮೇಲೆ ಉಪ್ಪನ್ನು ಒಣ ಬ್ರಷ್‌ನಿಂದಲೇ ಉದುರಿಸಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ, ಒಣಗುವಾಗ ಅದೇ ದಾರಿಯಲ್ಲಿ ಹೊರಬರುತ್ತದೆ. ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೂ ಹಳೇ ಗಾರೆ ಕಿತ್ತು, ಗೋಡೆ ಒಣಗಲು ಬಿಟ್ಟು, ಒಂದಕ್ಕೆ ನಾಲ್ಕರಂತೆ ಸಿಮೆಂಟು, ತೊಳೆದ ಮರಳು ಕಲಸಿ ಹಾಕಿಸುತ್ತೇನೆ. 50 ಕಿಲೋ ಸಿಮೆಂಟಿಗೆ 200 ಮಿಲಿಲೀಟರಿನಂತೆ ವಾಟರ್‌ಪ್ರೂಫ್ ದ್ರವ. ಹೊಸ ಗಾರೆಗೆ ಒಂದು ವಾರ ನೀರುಣಿಸಿ, 28 ದಿನ ಕಾಯದೆ ಪುಟ್ಟಿ ಬೇಡ. ಅಷ್ಟು ಕಾಯಲು ಆಗದಿದ್ದರೆ ಆ ಗೋಡೆಯನ್ನು ಹಾಗೇ ಬಿಟ್ಟು ಉಳಿದ ಮೂರಕ್ಕೆ ಬಣ್ಣ ಹೊಡೆಯಿರಿ. ತೇವದ ಮೇಲೆ ಬಣ್ಣ ಹೊಡೆದರೆ ದುಡ್ಡು, ಕೆಲಸ ಎರಡೂ ಹಾಳು.

ಪುಟ್ಟಿ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಚೀಲದಲ್ಲಿ ಪುಡಿಯಾಗಿ ಬರುವುದು ಬಿಳಿ ಸಿಮೆಂಟಿನದು, ಡಬ್ಬದಲ್ಲಿ ಕಲಸಿದ್ದೇ ಬರುವುದು ಆಕ್ರಿಲಿಕ್. ಬರೀ ಗಾರೆಯವರೆಗೆ ಕೆರೆದ ಗೋಡೆಗೆ ನಾನು ಸಿಮೆಂಟಿನದನ್ನೇ ಹಾಕುತ್ತೇನೆ. ಇದರ ಕೆಳಗೆ ಪ್ರೈಮರ್ ಹೊಡೆಯಬಾರದು. ಸಿಮೆಂಟು ಗಾರೆಯನ್ನೇ ಕಚ್ಚಿಕೊಳ್ಳಬೇಕು, ನಡುವೆ ಪ್ರೈಮರ್ ಬಂದರೆ ಹಿಡಿತ ತಪ್ಪುತ್ತದೆ. ಆಕ್ರಿಲಿಕ್ ಪುಟ್ಟಿಗೆ ಮಾತ್ರ ಕೆಳಗೊಂದು ಕೈ, ಮೇಲೊಂದು ಕೈ ಪ್ರೈಮರ್.

ಮೊದಲು ನೀರು, ಆಮೇಲೆ ಪುಡಿ. ಒಂದು ಕಿಲೋಗೆ 350ರಿಂದ 400 ಮಿಲಿಲೀಟರ್. ಗಂಟಿಲ್ಲದೆ ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸುತ್ತೇನೆ. ಒಬ್ಬರೇ ಇದ್ದರೆ ಒಮ್ಮೆಗೆ ಮೂರು ಕಿಲೋ ಸಾಕು. ಗಟ್ಟಿಯಾಗತೊಡಗಿದ ಪುಟ್ಟಿಗೆ ನೀರು ಬೆರೆಸಿ ಸಡಿಲ ಮಾಡುವವರಿದ್ದಾರೆ. ಅದು ಒಣಗಿದ ಮೇಲೆ ಪುಡಿಯೇ. ಪ್ರತಿ ಸಲ ಬೋಗುಣಿ, ಪಟ್ಟಿ ಎರಡನ್ನೂ ತೊಳೆಯಬೇಕು, ಒಣಗಿದ ಒಂದು ಹರಳು ಇಡೀ ಗೋಡೆಗೆ ಗೀರು ಎಳೆಯುತ್ತದೆ.

ಯುಗಾದಿ ಹೊತ್ತಿಗೆ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಗೋಡೆ ಕಾದಿರುತ್ತದೆ. ಒಣ ಗೋಡೆಗೆ ಹಚ್ಚಿದರೆ ಗೋಡೆಯೇ ಪುಟ್ಟಿಯ ನೀರನ್ನು ಹೀರಿಬಿಡುತ್ತದೆ, ಸಿಮೆಂಟು ಗಟ್ಟಿಯಾಗುವಷ್ಟು ನೀರು ಉಳಿಯುವುದಿಲ್ಲ. ಹಾಗಾಗಿ ಗೋಡೆಯನ್ನು ನೆನೆಸಿ, ಮೇಲಿನ ಹೊಳಪು ಆರಿ ತಣ್ಣನೆಯ ತೇವ ಉಳಿದಾಗ ಶುರು ಮಾಡುತ್ತೇನೆ. ಫ್ಯಾನ್ ಬಂದ್, ಬಿಸಿಲು ಬೀಳುವ ಕಿಟಕಿ ಮುಚ್ಚು. ಪಡುವಣದ ಗೋಡೆಯ ಕೆಲಸ ಬೆಳಿಗ್ಗೆಯೇ ಮುಗಿಸಬೇಕು. ಮೊದಲ ಕೈ ಕೆಳಗಿನಿಂದ ಮೇಲಕ್ಕೆ, ಮಾರನೆಯ ದಿನ ಎರಡನೆಯದು ಅಡ್ಡಲಾಗಿ. ಎರಡೂ ಸೇರಿ ಒಂದೂವರೆ ಮಿಲಿಮೀಟರ್ ಮೀರಬಾರದು, ದಪ್ಪವಾದರೆ ಬಿರಿಯುತ್ತದೆ. ಒಣಗಿದ ಮೇಲೆ ಬೆರಳಿನಿಂದ ಉಜ್ಜಿದಾಗ ಹಿಟ್ಟಿನಂತೆ ಕೈಗೆ ಬಂದರೆ ನೀರು ಸಾಲದೆ ಹೋಗಿದೆ ಅಂತಲೇ ಅರ್ಥ, ಅಷ್ಟನ್ನು ಕೆರೆದು ಮತ್ತೆ ಎಳೆಯಬೇಕು.

ಉಜ್ಜಲು 180 ನಂಬರಿನ ಸ್ಯಾಂಡ್‌ಪೇಪರ್, ಕೊನೆಗೆ 320. ಪೇಪರನ್ನು ಮರದ ತುಂಡಿಗೆ ಸುತ್ತಿಕೊಂಡು ಉಜ್ಜಬೇಕು, ಬರಿಗೈಯಲ್ಲಾದರೆ ಬೆರಳಿನ ಗುಂಡಿಗಳು ಮೂಡುತ್ತವೆ. ಕೋಣೆ ಕತ್ತಲು ಮಾಡಿ ಬಲ್ಬನ್ನು ಗೋಡೆಗೆ ತಾಗಿದಂತೆ ಪಕ್ಕದಿಂದ ಹಿಡಿದರೆ ಹಗಲಿನಲ್ಲಿ ಕಾಣದ ಉಬ್ಬುತಗ್ಗು ಎಲ್ಲ ನೆರಳಾಗಿ ಎದ್ದು ಕಾಣುತ್ತದೆ. ಪೆನ್ಸಿಲಿನಲ್ಲಿ ಸುತ್ತು ಹಾಕಿ ಅವನ್ನಷ್ಟೇ ತಿದ್ದುತ್ತೇನೆ. ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಪ್ರೈಮರ್ ಒಂದು ಕೈ. ನೀರು ಎಷ್ಟು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಡಬ್ಬದ ಮೇಲಿದ್ದಷ್ಟೇ ಹಾಕಿ.

ಇಷ್ಟಾದ ಮೇಲೆ ಬಣ್ಣ ಹೊಡೆಯುವುದು ಸುಲಭ. ಎಲ್ಲ ಡಬ್ಬಗಳನ್ನೂ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಿ, ಡಬ್ಬದಿಂದ ಡಬ್ಬಕ್ಕೆ ಬಣ್ಣ ಚೂರು ಹೆಚ್ಚುಕಡಿಮೆ ಇರುತ್ತದೆ. ಲೀಟರಿಗೆ 400 ಮಿಲಿಲೀಟರ್ ನೀರು, ಅಳೆದು. ಸೂರು ಮೊದಲು. ಮೂಲೆ, ಅಂಚುಗಳನ್ನು ಎರಡೂವರೆ ಇಂಚಿನ ಬ್ರಷ್‌ನಿಂದ ಕಟ್ಟಿಕೊಂಡು, ಆ ಅಂಚು ಹಸಿ ಇರುವಾಗಲೇ 9 ಇಂಚಿನ ರೋಲರ್ ಓಡಿಸಬೇಕು. ಮೂರಡಿ ಅಗಲದ ಪಟ್ಟೆಯನ್ನು ಮೇಲಿಂದ ಕೆಳಗೆ ಮುಗಿಸಿ ಪಕ್ಕದ ಪಟ್ಟೆಗೆ. ಅರ್ಧ ಒಣಗಿದ ಕಡೆ ಮತ್ತೆ ರೋಲರ್ ಆಡಿಸಿದರೆ ತೇಪೆ ಬೀಳುತ್ತದೆ, ಬಿಟ್ಟುಹೋದದ್ದು ಕಂಡರೂ ಎರಡನೇ ಕೈವರೆಗೆ ಮುಟ್ಟಬೇಡಿ. ಎರಡು ಕೈಗಳ ನಡುವೆ ನಾಲ್ಕು ಗಂಟೆ. ಚೌಕಟ್ಟಿಗೆ ಅಂಟಿಸಿದ ಟೇಪನ್ನು ಎರಡನೇ ಕೈ ಹಸಿ ಇರುವಾಗಲೇ ಕೀಳಬೇಕು, ಒಣಗಿದ ಮೇಲೆ ಕಿತ್ತರೆ ಬಣ್ಣದ ಸಿಪ್ಪೆಯೂ ಜೊತೆಗೆ ಬರುತ್ತದೆ.

ಬಾಗಿಲಿಗೆ ಒಂದು ಎಚ್ಚರಿಕೆ. ಮನೆಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಆಯಿಲ್ ಪೇಂಟ್ ಇರುವ ಬಾಗಿಲನ್ನು ಒಣದಾಗಿ ಉಜ್ಜಬೇಡಿ, ಆ ಧೂಳು ಮಕ್ಕಳಿಗೆ ವಿಷ. ವಾಟರ್‌ಪೇಪರ್ ಒದ್ದೆ ಮಾಡಿಕೊಂಡು ಉಜ್ಜಿ, ಕೆಸರನ್ನು ಹಳೇ ಬಟ್ಟೆಯಲ್ಲಿ ಒರೆಸಿ, ಚೀಲಕ್ಕೆ ಕಟ್ಟಿ ಹಾಕಿ. ಮರ ಪೂರ್ತಿ ಒಣಗಿದ ಮೇಲೆ ವುಡ್ ಪ್ರೈಮರ್, ಆಮೇಲೆ ಎನಾಮೆಲ್ ಎರಡು ಕೈ, ನಡುವೆ ಒಂದು ರಾತ್ರಿ. ಒಂದು ಬಾಗಿಲಿನ ಎರಡೂ ಮುಖ, ಚೌಕಟ್ಟು ಸೇರಿ ಒಂದು ಲೀಟರ್ ಸಾಕು.

ಇಷ್ಟೂ ಹೇಳಿದ್ದು ಸಿಮೆಂಟು ಗಾರೆಯ ಗೋಡೆಗೆ. ಜಂತಿ, ತೊಲೆಗಳ ಮಾಳಿಗೆ ಮನೆಯ ಮಣ್ಣಿನ ಗೋಡೆಗೆ ಪುಟ್ಟಿಯನ್ನೂ ಎಮಲ್ಶನ್ನನ್ನೂ ತಾಕಿಸಬಾರದು. ಮಣ್ಣಿನ ಗೋಡೆ ತೇವ ಎಳೆದುಕೊಂಡು ಬಿಡುತ್ತಾ ಇರುತ್ತದೆ. ಮೇಲೆ ಪ್ಲಾಸ್ಟಿಕ್ಕಿನಂಥ ಪೊರೆ ಬಂದರೆ ತೇವ ಒಳಗೇ ನಿಂತು, ಮಣ್ಣು ಸಡಿಲವಾಗಿ, ಪೊರೆಯ ಸಮೇತ ಕಳಚುತ್ತದೆ. ಅಲ್ಲಿಗೆ ಸುಣ್ಣವೇ ಸರಿ, ಈ ಗೋಡೆಗಳನ್ನು ಉಳಿಸಿಕೊಂಡು ಬಂದಿರುವುದೂ ಅದೇ. ಒಂದು ಕಿಲೋ ಸುಣ್ಣಕ್ಕೆ ಐದು ಲೀಟರ್ ನೀರು. ಸುಟ್ಟ ಸುಣ್ಣವಾದರೆ ಕುದಿಯುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ಮಿನಲ್ಲಿ ನೀರಿಟ್ಟುಕೊಂಡು ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಒಂದು ದಿನ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಲೀಟರಿಗೆ ನಾಲ್ಕು ಗ್ರಾಂನಂತೆ ಅಂಟನ್ನು ಬಿಸಿನೀರಲ್ಲಿ ಕರಗಿಸಿ ಬೆರೆಸುತ್ತೇನೆ. ಹಳದಿ ಛಾಯೆ ಕಳೆಯಲು ಕಿಲೋ ಸುಣ್ಣಕ್ಕೆ ಮೂರು ಗ್ರಾಂ ನೀಲಿ. ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳ್ಳಗೆ ಮೂರು ಕೈ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಹಚ್ಚುವಾಗ ನೀರಿನಂತೆ ಕಂಡು ಗೋಡೆ ಕಾಣಿಸುತ್ತಿದ್ದರೆ ಗಾಬರಿಯಾಗಿ ದಪ್ಪ ಮಾಡಬೇಡಿ, ಒಣಗುತ್ತಾ ಬೆಳ್ಳಗಾಗುತ್ತದೆ. ದಪ್ಪ ಹಚ್ಚಿದ್ದೇ ಮುಂದೆ ಪದರವಾಗಿ ಏಳುವುದು. ಸೋಸಿದ ಸುಣ್ಣ ಉಳಿದರೆ ಚೆಲ್ಲಬೇಡಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮಾಡಿ ಮುಚ್ಚಿಟ್ಟರೆ ಮುಂದಿನ ಯುಗಾದಿಗೂ ಕೆಡದೆ ಇರುತ್ತದೆ.