ತಾರಸಿ ಸೋಲಾರ್: ಪ್ಯಾನೆಲ್ ಕೊಳ್ಳುವ ಮೊದಲು ನೆರಳು ಅಳೆಯಿರಿ

ಸೋಲಾರ್ ಹಾಕಿಸಬೇಕು ಅಂದವರು ಮೊದಲು ಕೇಳುವುದು ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದು ಅಂತ. ಬೆಂಗಳೂರಿನ ನಮ್ಮ ಮನೆಯ ತಾರಸಿಗೆ 3 ಕಿಲೋವ್ಯಾಟಿನ ಆನ್-ಗ್ರಿಡ್ (ಬ್ಯಾಟರಿಯಿಲ್ಲದೆ ಕಂಬದ ಲೈನಿಗೇ ಸೇರುವ) ವ್ಯವಸ್ಥೆ ಕೂರಿಸಿದ ಮೇಲೆ ನಾನು ಹೇಳುವುದಿಷ್ಟು: ಆ ಪ್ರಶ್ನೆ ಕೊನೆಗಿರಲಿ. ಮೊದಲು ಹನ್ನೆರಡು ತಿಂಗಳ ಕರೆಂಟು ಬಿಲ್ಲು ಮತ್ತು ಒಂದು ಅಳತೆ ಟೇಪು ಕೈಗೆ ತಗೊಳ್ಳಿ.

ಬಿಲ್ಲಿನಲ್ಲಿ ನೋಡಬೇಕಾದ್ದು ರೂಪಾಯಿಯನ್ನಲ್ಲ, ಯೂನಿಟ್ಟನ್ನು. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ದಿನದ ಸರಾಸರಿ 4ಕ್ಕೆ ತುಸು ಕಡಿಮೆ. ಮಾರ್ಚ್ ಬಿಸಿಲಿನಲ್ಲಿ ಹೆಚ್ಚು, ಜುಲೈ ಮೋಡದಲ್ಲಿ ಕಡಿಮೆ. ವರ್ಷಕ್ಕೆ 3,900 ಯೂನಿಟ್ ಬಳಸುವ ಮನೆಗೆ 1,400ರಿಂದ ಭಾಗಿಸಿದರೆ 2.8, ಅಂದರೆ 3 ಕಿಲೋವ್ಯಾಟ್ ಸಾಕು. ದೊಡ್ಡದು ಹಾಕಿಸಿ ಉಳಿದದ್ದನ್ನು ಮಾರಿ ದುಡ್ಡು ಮಾಡುವ ಲೆಕ್ಕ ಬೇಡ, ಉಳಿಕೆ ಯೂನಿಟ್ಟಿಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ಪಿಎಂ ಸೂರ್ಯ ಘರ್ ಸಹಾಯಧನವೂ 2 ಕಿಲೋವ್ಯಾಟಿನವರೆಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿಗೆ ನಿಲ್ಲುತ್ತದೆ. ನಾಲ್ಕನೆಯ ಕಿಲೋವ್ಯಾಟ್ ಪೂರ್ತಿ ನಿಮ್ಮ ಜೇಬಿನದೇ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಮನೆಗೆ ಹಣದ ದೃಷ್ಟಿಯಿಂದ ಸೋಲಾರ್ ಈಗ ಲಾಭವಲ್ಲ, ಹಾಕಿಸಿದರೆ ಬೇರೆ ಕಾರಣಕ್ಕೆ ಹಾಕಿಸಬೇಕು. ತಿಂಗಳಿಗೆ 200 ಯೂನಿಟ್ ದಾಟುವವರು, ಮನೆಯಲ್ಲೇ ಸ್ಕೂಟರ್ ಚಾರ್ಜ್ ಮಾಡುವವರು ಲೆಕ್ಕ ಹಾಕಿ ನೋಡಬಹುದು. ಸ್ನಾನಕ್ಕೆ ಇನ್ನೂ ಕರೆಂಟಿನ ಗೀಸರ್ ಇದ್ದರೆ ಮೊದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ. ಬಿಸಿಲನ್ನು ಕರೆಂಟು ಮಾಡಿ, ಆ ಕರೆಂಟಿನಿಂದ ನೀರು ಕಾಯಿಸುವುದು ಸುತ್ತು ಬಳಸಿನ ದಾರಿ.

ಇನ್ನು ನೆರಳು. 'ದಕ್ಷಿಣಕ್ಕೆ ಮುಖ ಮಾಡಿ ಇಟ್ಟರಾಯಿತು' ಎನ್ನುವ ಮಾತು ಉತ್ತರ ಭಾರತಕ್ಕೆ ಸಾಕು, ನಮಗೆ ಅರ್ಧ ಸತ್ಯ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನ ಶೂನ್ಯ ನೆರಳಿನ ದಿನದಿಂದ ಆಗಸ್ಟ್ 18ರವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆಗ ಉತ್ತರ ದಿಕ್ಕಿನ ಟ್ಯಾಂಕಿನ ನೆರಳೂ ಪ್ಯಾನೆಲ್ ಕಡೆಗೆ ಬೀಳುತ್ತದೆ. ಆದರೆ ಎರಡು ದಿಕ್ಕಿನ ನೆರಳೂ ಒಂದೇ ಉದ್ದವಲ್ಲ. ಡಿಸೆಂಬರ್ 21ರ ನಡು ಮಧ್ಯಾಹ್ನ ಉತ್ತರಕ್ಕೆ ಬೀಳುವ ನೆರಳು ಎತ್ತರದ ಮುಕ್ಕಾಲು ಪಾಲು, ಬೆಳಿಗ್ಗೆ 9.20ರ ಸುಮಾರಿಗೆ ವಾಯವ್ಯಕ್ಕೆ ಒಂದೂವರೆ ಪಟ್ಟು. ಜೂನ್ 21ರ ಮಧ್ಯಾಹ್ನ ದಕ್ಷಿಣಕ್ಕೆ ಬೀಳುವುದು ಎತ್ತರದ ಐದರಲ್ಲಿ ಒಂದು ಪಾಲು ಮಾತ್ರ.

ನಮ್ಮಲ್ಲಿ ಮೆಟ್ಟಿಲ ಕೋಣೆ, ಅದರ ಮೇಲಿನ ಟ್ಯಾಂಕು ಎರಡೂ ಸೇರಿ ಪ್ಯಾನೆಲ್ ಮಟ್ಟಕ್ಕಿಂತ 2.5 ಮೀಟರ್ ಎತ್ತರ. ಪ್ಯಾನೆಲನ್ನು ಅದರ ಉತ್ತರಕ್ಕೆ ಇಟ್ಟಿದ್ದರೆ ಡಿಸೆಂಬರ್ ಬೆಳಿಗ್ಗೆ ಸುಮಾರು 4 ಮೀಟರ್ ಉದ್ದದ ನೆರಳು. ದಕ್ಷಿಣಕ್ಕೆ ಇಟ್ಟಿದ್ದರಿಂದ 1 ಮೀಟರ್ ಜಾಗ ಬಿಟ್ಟದ್ದೇ ಸಾಕಾಯಿತು. ಆರೂ ಪ್ಯಾನೆಲ್ ಒಂದೇ ಸರಣಿಯಲ್ಲಿರುವಾಗ ಒಂದು ಪ್ಯಾನೆಲ್ಲಿನ ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಬೈಪಾಸ್ ಡಯೋಡ್ (ನೆರಳಿನ ಭಾಗವನ್ನು ಬಳಸಿ ಕರೆಂಟು ಹರಿಸುವ ಬಿಡಿಭಾಗ) ಆ ಪ್ಯಾನೆಲ್ಲಿನ ಸುಮಾರು ಮೂರನೇ ಒಂದು ಭಾಗವನ್ನು ಲೆಕ್ಕದಿಂದಲೇ ಬಿಟ್ಟುಬಿಡುತ್ತದೆ. ಗೇಣಗಲ ನೆರಳಿಗೆ ಮಾರಗಲ ನಷ್ಟ.

ನಮ್ಮವು 545 ವ್ಯಾಟಿನ 6 ಪ್ಯಾನೆಲ್, ಒಟ್ಟು 3.27 ಕಿಲೋವ್ಯಾಟ್. ಒಂದೊಂದೂ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ, 28 ಕೆಜಿ ತೂಕ. ಇಳಿಜಾರು 12 ಡಿಗ್ರಿ. ಓಡಾಡುವ ಜಾಗವೂ ಸೇರಿ 300 ಚದರಡಿ ಬೇಕಾಯಿತು. ಸ್ಟ್ಯಾಂಡಿಗೆ ಬಿಸಿ ಸತುವಿನಲ್ಲಿ ಅದ್ದಿದ ಜಿಐ ಕಬ್ಬಿಣವನ್ನೇ ಕೇಳಿ; ಬೆಳ್ಳಿ ಬಣ್ಣ ಬಳಿದ ಸಾದಾ ಕಬ್ಬಿಣ ಎರಡು ಮಳೆಗಾಲಕ್ಕೇ ತುಕ್ಕು ಬಿಡುತ್ತದೆ. ಕಾಲುಗಳಿಗೆ ತಾರಸಿ ಕೊರೆಯದೆ ಕಾಂಕ್ರೀಟ್ ಪೀಠ ಕಟ್ಟಿಸಿದೆ. ವಾಟರ್‌ಪ್ರೂಫಿಂಗ್ ಒಡೆದರೆ ಸೋರುವುದು ನಮ್ಮ ಮಲಗುವ ಕೋಣೆಯ ಮೇಲೆ, ಸೋಲಾರ್‌ನವರ ಮನೆಯಲ್ಲಲ್ಲ.

ಕೆಲಸ ಕೆಡುವುದು ತಂತಿಯಲ್ಲಿ. ಆರು ಪ್ಯಾನೆಲ್ ಸೇರಿದಾಗ ಡಿಸಿ (ಏಕಮುಖ ಕರೆಂಟು) ವೋಲ್ಟೇಜ್ ಸುಮಾರು 300. ಡಿಸಿ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ, ಹಾಗಾಗಿ ಕರೆಂಟು ಹರಿಯುತ್ತಿರುವಾಗ ಪ್ಯಾನೆಲ್ ಕನೆಕ್ಟರನ್ನು ಎಳೆದು ಬಿಚ್ಚಲೇಬಾರದು. ಮೊದಲು ಎಸಿ ಎಂಸಿಬಿ, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್) ಆಫ್ ಮಾಡಬೇಕು. ಪ್ಯಾನೆಲ್ ತಂತಿಗಳನ್ನು ಜೋಡಿಸುವ ಎಂಸಿ4 ಕನೆಕ್ಟರಿನ ಗಂಡು, ಹೆಣ್ಣು ಎರಡೂ ಒಂದೇ ಕಂಪನಿಯದ್ದಿರಬೇಕು. ನೋಡಲು ಒಂದೇ ಥರ ಇರುತ್ತವೆ, ಕ್ಲಿಕ್ ಅಂತ ಕೂರುತ್ತವೆ, ಒಳಗಿನ ಸಂಪರ್ಕ ಮಾತ್ರ ಸಡಿಲವಾಗಿ ಬಿಸಿಯಾಗಿ ಕರಗುತ್ತವೆ. ನಮ್ಮ ಗುತ್ತಿಗೆದಾರರು ಎರಡು ಕಡೆ ಹೀಗೆ ಬೆರೆಸಿದ್ದರು, ಮೀಟರ್ ಬರುವ ಮೊದಲೇ ಕತ್ತರಿಸಿ ಬದಲಿ ಹಾಕಿಸಿದೆ. ಅರ್ತಿಂಗ್ ಗುಂಡಿ ಮೂರು, ಬೇರೆ ಬೇರೆ: ಮಿಂಚು ನಿರೋಧಕಕ್ಕೆ ಒಂದು, ಡಿಸಿಗೆ ಒಂದು, ಎಸಿಗೆ ಒಂದು. ಗುಂಡಿ ಮುಚ್ಚುವ ಮೊದಲು ಅರ್ತ್ ಟೆಸ್ಟರಿನಲ್ಲಿ ಎದುರಿಗೇ ಅಳೆಸಿ, 5 ಓಮ್‌ಗಿಂತ ಕಡಿಮೆ ಬರಬೇಕು.

ಎಲ್ಲ ಮುಗಿದ ಮೇಲೆ ಮಟಮಟ ಮಧ್ಯಾಹ್ನ, ಒಳ್ಳೆ ಬಿಸಿಲಿನಲ್ಲೇ, ಪ್ಯಾನೆಲ್ಲಿನ ಡಿಸಿಯನ್ನು ಮನೆಯ ಎಸಿಯಾಗಿ ಮಾಡುವ ಇನ್ವರ್ಟರ್ ನಿಂತು ನಿಂತು ಹೊರಡುತ್ತಿತ್ತು. ಪರದೆಯ ಮೇಲೆ ಗ್ರಿಡ್ ವೋಲ್ಟೇಜ್ ಹೆಚ್ಚು ಎಂಬ ಸೂಚನೆ. ಮೀಟರ್ ಹತ್ತಿರ ಅಳೆದರೆ 250, ಇನ್ವರ್ಟರ್ ಬಾಯಲ್ಲಿ 254. ಮಿತಿ 253, ಅಂದರೆ 230ಕ್ಕೆ ಶೇ. 10 ಸೇರಿಸಿದ್ದು. ಆ 4 ವೋಲ್ಟ್ ಎಲ್ಲಿಂದ? ತಾರಸಿಯಿಂದ ಮೀಟರಿಗೆ 20 ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಂತಿ ಎಳೆದಿದ್ದರು. ಇಂಥ ತೆಳು ತಂತಿಯಲ್ಲಿ ಕರೆಂಟನ್ನು ಹೊರಗೆ ತಳ್ಳಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಅಷ್ಟು ಏರಿಸಲೇಬೇಕು. 6 ಚದರ ಮಿ.ಮೀ. ತಾಮ್ರದ ತಂತಿ ಹಾಕಿಸಿದ ಮೇಲೆ ವ್ಯತ್ಯಾಸ 1.6ಕ್ಕೆ ಇಳಿಯಿತು, ನಿಲ್ಲುವುದೂ ತಪ್ಪಿತು. ಮೀಟರ್ ಹತ್ತಿರವೇ 253 ದಾಟುತ್ತಿದ್ದರೆ ನಿಮ್ಮ ತಂತಿ ಬದಲಿಸಿ ಪ್ರಯೋಜನವಿಲ್ಲ. ಕಂಬದ ಜಾಯಿಂಟೋ ಟ್ರಾನ್ಸ್‌ಫಾರ್ಮರಿನ ಟ್ಯಾಪೋ (ವೋಲ್ಟೇಜ್ ಹೊಂದಿಸುವ ಕೊಂಡಿ) ಕಾರಣ, ದೂರು ಕೊಟ್ಟು ಲೈನ್‌ಮನ್ನರನ್ನೇ ಕರೆಸಬೇಕು.

ಅರ್ಜಿಯ ಕೆಲಸ ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲೇ ಮುಗಿಯುತ್ತದೆ. ತೊಡಕಾಗುವುದು ಸಾಮಾನ್ಯವಾಗಿ ಹೆಸರಿನಲ್ಲಿ: ಆರ್‌ಆರ್ ನಂಬರ್ ಇನ್ನೂ ತಂದೆಯ ಅಥವಾ ಹಳೆ ಮಾಲೀಕರ ಹೆಸರಿನಲ್ಲಿದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಿ. ಸಹಾಯಧನಕ್ಕೆ ಭಾರತದಲ್ಲೇ ತಯಾರಾದ ಸೆಲ್ಲಿನ ಡಿಸಿಆರ್ ಪ್ಯಾನೆಲ್ಲೇ ಬೇಕು, ಕೊಟೇಶನ್ನಿನಲ್ಲಿ ಆ ಪದ ಬರೆಸಿಕೊಳ್ಳಿ. ಮಂಜೂರಾದ ಲೋಡ್ ಏರಿದರೆ ನಿಗದಿತ ಶುಲ್ಕವೂ ಏರುತ್ತದೆ, ಅದನ್ನು ಸೋಲಾರ್ ಯೂನಿಟ್ಟು ತೀರಿಸುವುದಿಲ್ಲ.

ಕರೆಂಟು ಹೋದಾಗ ಆನ್-ಗ್ರಿಡ್ ಸೋಲಾರೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಹಳೆಯ ಯುಪಿಎಸ್ಸನ್ನು ಮಾರಬೇಡಿ.

ತೊಳೆಯುವುದು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮೊದಲು. ಬೋರ್‌ವೆಲ್ಲಿನ ಗಡಸು ನೀರು ಹಾಗೇ ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ, ಕಾವೇರಿ ನೀರೋ ಮಳೆನೀರೋ ಸಿಕ್ಕರೆ ಒಳ್ಳೆಯದು. ಏಪ್ರಿಲ್ ಮಧ್ಯಾಹ್ನ 3.27ರ ಬದಲು 2.6 ಕಿಲೋವ್ಯಾಟ್ ಮಾತ್ರ ಕಂಡರೆ ಗಾಬರಿ ಬೇಡ. ಪ್ಯಾನೆಲ್ ಬಿಸಿ 60 ಡಿಗ್ರಿ ಮುಟ್ಟಿದಾಗ, 25ಕ್ಕಿಂತ ಮೇಲಿನ ಪ್ರತಿ ಡಿಗ್ರಿಗೆ ಸುಮಾರು ಶೇ. 0.35ರಂತೆ ಶೇ. 12 ಅಲ್ಲೇ ಹೋಗುತ್ತದೆ, ಉಳಿದದ್ದು ಧೂಳು, ತಂತಿ, ಇನ್ವರ್ಟರಿನ ಪಾಲು. ಅದೇ ಬಿಸಿಲಿಗೆ 2 ಕಿಲೋವ್ಯಾಟಿಗೆ ಇಳಿದರೆ ಮಾತ್ರ ಏಣಿ ಹತ್ತಿ ನೋಡಿ.