ಹಳೆಯ ವಾಲ್ವ್ ಟ್ರಾನ್ಸ್‌ಮಿಟರ್‌ಗೆ ಮತ್ತೆ ಕರೆಂಟ್ ಕೊಡುವ ಮುನ್ನ

807 ಅಥವಾ 6146 ವಾಲ್ವ್ ಇರುವ ಹ್ಯಾಮ್ (ಹವ್ಯಾಸಿ ರೇಡಿಯೊ) ಟ್ರಾನ್ಸ್‌ಮಿಟರ್‌ನ ಪ್ಲೇಟಿಗೆ ಸಾಮಾನ್ಯವಾಗಿ 600ರಿಂದ 750 ವೋಲ್ಟ್ ಡಿಸಿ ಬರುತ್ತದೆ. 807ರ ನೆತ್ತಿಯ ಮೇಲಿರುವ ಲೋಹದ ಟೋಪಿಯೇ ಆ ಪ್ಲೇಟು. ಒಮ್ಮೆ ಕೈ ತಾಗಿದರೆ ಜೀವ ಹೋಗಬಹುದು. ಮನೆಯಲ್ಲಿ ಆರ್‌ಸಿಸಿಬಿ (ಶಾಕ್ ತಗಲಿದರೆ ಕರೆಂಟ್ ಕಡಿಯುವ ಸ್ವಿಚ್ಚು) ಇದೆ ಎಂಬ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು: ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯ ಶಾಕ್ ಅದಕ್ಕೆ ಗೊತ್ತೇ ಆಗುವುದಿಲ್ಲ, ಟ್ರಿಪ್ ಆಗುವುದಿಲ್ಲ. ಆದ್ದರಿಂದ ಅಟ್ಟದಿಂದ ಇಳಿಸಿದ ದಿನವೇ ಪ್ಲಗ್ ಹಾಕಬೇಡಿ. ಹಾಗೆಂದು ಗುಜರಿಗೂ ಹಾಕಬೇಡಿ; 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದ ಮೈಸೂರಿನಲ್ಲಿ ಇಂಥ ಸೆಟ್‌ಗಳು ಉಳಿಯಬೇಕು.

ಮೊದಲು ಡಿಸ್ಚಾರ್ಜ್ ಕೋಲು ಮಾಡಿಕೊಳ್ಳಿ. ಎರಡಡಿ ಒಣ ಪಿವಿಸಿ ಪೈಪಿನ ತುದಿಗೆ ತಾಮ್ರದ ಕೊಕ್ಕೆ, ಅದರಿಂದ 1 ಕಿಲೋಓಮ್, 10 ವಾಟ್‌ನ ವೈರ್‌ವೌಂಡ್ ರೆಸಿಸ್ಟರ್ ಮೂಲಕ ಚಾಸಿಸ್‌ಗೆ (ಸೆಟ್ಟಿನ ಲೋಹದ ಚೌಕಟ್ಟಿಗೆ) ದಪ್ಪ ವೈರು. ರೆಸಿಸ್ಟರ್ ಇಲ್ಲದ ಇನ್ನೊಂದು ಕ್ಲಿಪ್ ವೈರೂ ಇರಲಿ. ಪ್ರತಿ ಸಲ ಪ್ಲಗ್ ಕಿತ್ತ ಮೇಲೆ ಫಿಲ್ಟರ್ ಕೆಪಾಸಿಟರ್‌ನ ಪ್ಲಸ್ ತುದಿಗೆ ಕೋಲು ತಾಗಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿ, ನಂತರ ಕ್ಲಿಪ್ ಹಾಕಿ. ಕೈ ಒಳಗಿರುವಷ್ಟು ಹೊತ್ತೂ ಕ್ಲಿಪ್ ಅಲ್ಲೇ ಇರಬೇಕು, ಏಕೆಂದರೆ ಖಾಲಿಯಾದ ಕೆಪಾಸಿಟರ್‌ನಲ್ಲೂ ವೋಲ್ಟೇಜ್ ತಾನಾಗಿ ಸ್ವಲ್ಪ ಮರಳುತ್ತದೆ. ಆಫ್ ಆದ ಮೇಲೆ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಸುಟ್ಟುಹೋಗಿದ್ದರೆ ಚಾರ್ಜ್ ಗಂಟೆಗಟ್ಟಲೆ ಕುಳಿತಿರುತ್ತದೆ. ಹಾಗಾಗಿ ಮೊದಲು ಅಳೆಯಬೇಕಾದ ರೆಸಿಸ್ಟರ್ ಅದೇ.

ಧೂಳು, ಇಲಿ ಗಲೀಜನ್ನು ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೆಗೆಯಿರಿ. ಮಳೆಗಾಲ ಕಂಡ ಟ್ರಾನ್ಸ್‌ಫಾರ್ಮರ್ ತೇವ ಹೀರಿರುತ್ತದೆ. ಸೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು, ಯಾವುದಕ್ಕೂ ತಾಗದಂತೆ 40 ವಾಟ್ ಬಲ್ಬು ಉರಿಸಿ, ಎದುರಿಗೇ ಇದ್ದು ಒಂದೆರಡು ದಿನ ಹಗಲಲ್ಲಿ ಒಣಗಿಸಿ. ಆಮೇಲೆ ಎಲೆಕ್ಟ್ರಿಷಿಯನ್ ಬಳಿ ಸಿಗುವ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಿಂದ, ಅಂದರೆ ಮೇನ್ಸ್ ಬದಿಯ ಸುತ್ತಿನಿಂದ, ಚಾಸಿಸ್‌ಗೆ ಅಳೆಯಿರಿ. 10 ಮೆಗಾಓಮ್‌ಗಿಂತ ಕಡಿಮೆ ಬಂದರೆ ಇನ್ನೂ ಒಣಗಿಸಬೇಕು. ಎಣ್ಣೆ ತುಂಬಿದ ಹಳೆ ಕೆಪಾಸಿಟರ್ ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಬಿಚ್ಚಲೂ ಬೇಡಿ. ಅದರಲ್ಲಿ ವಿಷಕಾರಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಎಣ್ಣೆ ಇರಬಹುದು.

ಎರಡು ಪಿನ್ನಿನ ವೈರನ್ನು ಮೂರು ಪಿನ್ನಿಗೆ ಬದಲಿಸಿ. ಹಸಿರು ವೈರು ನೇರ ಚಾಸಿಸ್‌ಗೆ, ಫ್ಯೂಸ್ ಫೇಸ್‌ನಲ್ಲಿ. ಮೈಸೂರಿನ ಅಗ್ರಹಾರದ ಕಡೆಯ ಹಳೆ ಮನೆಯಾದರೆ ಸಾಕೆಟ್ಟಿನ ಮೂರನೆಯ ತೂತಿಗೆ ನಿಜಕ್ಕೂ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷಿಸಿ. ಮೇನ್ಸ್‌ನಿಂದ ಚಾಸಿಸ್‌ಗೆ ಹಾಕಿರುವ ಕೆಪಾಸಿಟರ್‌ಗಳ ಜಾಗಕ್ಕೆ 4.7 ನ್ಯಾನೊಫ್ಯಾರಡ್‌ನ ವೈ2 ಸುರಕ್ಷತಾ ದರ್ಜೆಯವೇ ಬರಬೇಕು, ಬೇರೆ ಯಾವುದೂ ಬೇಡ.

ಅಮೆರಿಕದ ಸೆಟ್ ಆದರೆ ಅದು 117 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 50 ಹರ್ಟ್ಸ್‌ನಲ್ಲಿ ಕೋರ್ ಹೆಚ್ಚು ಬಿಸಿಯಾಗುತ್ತದೆ, ಆದ್ದರಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನಿಂದ 110 ವೋಲ್ಟ್ ಕೊಟ್ಟರೆ ಸಾಕು. 807, 6146ರ ಫಿಲಮೆಂಟ್ ಪಿನ್ನುಗಳಲ್ಲಿ 5.7ರಿಂದ 6.9 ವೋಲ್ಟ್ ಒಳಗಿದ್ದರೆ ಸರಿ. ಮಂಡ್ಯದ ಹಳ್ಳಿಗಳಲ್ಲಿ ಪಂಪ್‌ಸೆಟ್ ನಿಂತ ಮೇಲೆ ಲೈನ್ ವೋಲ್ಟೇಜ್ ಏರುವುದುಂಟು. ಆ ಹೊತ್ತಿನಲ್ಲೂ ಒಮ್ಮೆ ಅಳೆದು ನೋಡಿ.

ಫಿಲ್ಟರ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಉಳಿಸುವ ಆಸೆ ಬಿಡಿ, ಬದಲಿಸಿ. ಎರಡು 450 ವೋಲ್ಟಿನವು ಸರಣಿಯಲ್ಲಿದ್ದರೆ ಪ್ರತಿಯೊಂದಕ್ಕೂ ಸಮಾನ ಓಮ್‌ನ ರೆಸಿಸ್ಟರ್ ಅಡ್ಡ ಇರಬೇಕು. ವಾಲ್ವ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಇದ್ದಲ್ಲಿ ಮೊದಲಿದ್ದ ಮೈಕ್ರೊಫ್ಯಾರಡ್‌ಗಿಂತ ದೊಡ್ಡದು ಹಾಕಬೇಡಿ, ಒಮ್ಮೆಲೇ ನುಗ್ಗುವ ಚಾರ್ಜಿಂಗ್ ಕರೆಂಟಿಗೆ 5ಯು4ನಂಥ ರೆಕ್ಟಿಫೈಯರ್ ಹಾಳಾಗುತ್ತದೆ. ಪೇಪರ್ ಕೆಪಾಸಿಟರ್ ಎಲ್ಲವೂ ಹೋಗಲಿ. 630 ವೋಲ್ಟ್ ಫಿಲ್ಮ್ ಟೈಪ್ ಸಾಮಾನ್ಯ ಜಾಗಕ್ಕೆ ಸಾಕು, ಪೂರ್ತಿ ಎಚ್‌ಟಿ (ಪ್ಲೇಟಿನ ಹೈ ವೋಲ್ಟೇಜ್) ಬೀಳುವಲ್ಲಿ ಸಾಲದು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹುಡುಕಬಹುದು. ಕಾರ್ಬನ್ ರೆಸಿಸ್ಟರ್‌ಗಳಲ್ಲಿ ಶೇ. 20ಕ್ಕಿಂತ ಹೆಚ್ಚು ಏರಿರುವುದನ್ನಷ್ಟೇ ತೆಗೆಯಿರಿ, ಸರಿಯಿರುವುದನ್ನು ಕೀಳುವ ಚಟ ಬೇಡ.

ಕರೆಂಟ್ ಕೊಡುವಾಗ ಫೇಸ್‌ಗೆ ಸರಣಿಯಲ್ಲಿ 100 ವಾಟ್‌ನ ಹಳೆ ತಂತಿ ಬಲ್ಬು ಹಾಕಿ. ಎಲ್‌ಇಡಿ ನಡೆಯದು. ಎಲ್ಲ ವಾಲ್ವ್ ಕಿತ್ತಿಟ್ಟು ಆನ್ ಮಾಡಿ. ಬಲ್ಬು ಮಿಂಚಿ ಮಂಕಾದರೆ ಒಳ್ಳೆಯದು, ಪೂರ್ತಿ ಬೆಳಗಿದರೆ ಶಾರ್ಟ್ ಇದೆ. ಅರ್ಧ ಗಂಟೆ ಬಿಟ್ಟು, ಪ್ಲಗ್ ಕಿತ್ತು ಡಿಸ್ಚಾರ್ಜ್ ಮಾಡಿ ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿ. ವಾಲ್ವ್ ಇಲ್ಲದೆಯೂ ಕೈ ಇಡಲಾಗದಷ್ಟು ಬಿಸಿಯಾದರೆ ಒಳಸುತ್ತು ಶಾರ್ಟ್ ಆಗಿದೆ. ನಂತರ ರೆಕ್ಟಿಫೈಯರ್ ಬಿಟ್ಟು ಉಳಿದ ವಾಲ್ವ್ ಹಾಕಿ, ಫಿಲಮೆಂಟ್ ನೋಡಿ. ಕೊನೆಗೆ ರೆಕ್ಟಿಫೈಯರ್. ಪಾದರಸದ ರೆಕ್ಟಿಫೈಯರ್ 866ಎ ಇದ್ದರೆ ನೆಟ್ಟಗಿಟ್ಟು, ಎಚ್‌ಟಿ ಕೊಡದೆ ಅರ್ಧ ಗಂಟೆ ಫಿಲಮೆಂಟ್ ಮಾತ್ರ ಉರಿಸಿ, ಒಳಗೆ ಚೆಲ್ಲಿದ ಪಾದರಸ ಕೆಳಗಿಳಿಯಲಿ. ಮೇನ್ಸ್ ವೋಲ್ಟೇಜನ್ನು ನಿಧಾನ ಏರಿಸುವ ಡಿಮ್ಮರ್‌ಸ್ಟಾಟ್ ಬಳಸುವವರಿಗೆ ಒಂದು ಮಾತು: 5ಯು4 ಬಿಸಿಯಾಗುವವರೆಗೆ ಎಚ್‌ಟಿ ಕಾಣುವುದಿಲ್ಲ, ಆಮೇಲೆ ಒಮ್ಮೆಲೇ ಏರುತ್ತದೆ. ಡಿಮ್ಮರ್‌ಸ್ಟಾಟ್ ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವುದೂ ಇಲ್ಲ. 1000 ವೋಲ್ಟಿನ ಮೀಟರ್ ಕ್ಲಿಪ್‌ಗಳನ್ನು ಆಫ್ ಇರುವಾಗಲೇ ಸಿಕ್ಕಿಸಿ, ಆನ್ ಆದ ಮೇಲೆ ಒಳಗೆ ಕೈ ಹಾಕಬೇಡಿ.

ಕೊನೆಯ ವಾಲ್ವ್‌ನ (807 ಅಥವಾ 6146ರ) ಕಂಟ್ರೋಲ್ ಗ್ರಿಡ್ಡನ್ನು, ಅಂದರೆ ಪ್ಲೇಟ್ ಕರೆಂಟನ್ನು ಹಿಡಿತದಲ್ಲಿಡುವ ಭಾಗವನ್ನು, ಎಲ್ಲಕ್ಕಿಂತ ಜೋಪಾನವಾಗಿ ನೋಡಬೇಕು. ವಾಲ್ವ್ ಕಿತ್ತು, ಮೋರ್ಸ್ ಕೀ ಒತ್ತದೆ, ಸಾಕೆಟ್ಟಿನ ಆ ಪಿನ್ನಿನಲ್ಲಿ ಅಳೆಯಿರಿ. ಗ್ರಿಡ್ಡಿಗೆ ಮೈನಸ್ ವೋಲ್ಟೇಜ್ ಕೊಡುವ ಬಯಾಸ್ ಸಪ್ಲೈ ಇರುವ ಸೆಟ್ಟಿನಲ್ಲಿ ಮೈನಸ್ ಬರಬೇಕು. ಎರಡು ವೋಲ್ಟ್ ಪ್ಲಸ್ ಕಂಡರೂ ಹಿಂದಿನ ಹಂತವಾದ ಡ್ರೈವರ್‌ನಿಂದ ಬರುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ ಎಂದೇ ಅರ್ಥ. ಅದನ್ನು ಬದಲಿಸದೆ ವಾಲ್ವ್ ಹಾಕಿದರೆ ಪ್ಲೇಟು ಕೆಂಪಗಾಗಿ ಕರಗುವ ಹಂತಕ್ಕೆ ಹೋಗುತ್ತದೆ.

ಆಂಟೆನಾ ಸಾಕೆಟ್‌ಗೆ 50 ಓಮ್, 100 ವಾಟ್ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಶಕ್ತಿಯನ್ನು ಶಾಖವಾಗಿ ನುಂಗುವ ರೆಸಿಸ್ಟರ್) ಹಾಕಿ. ಮೊದಲು ಡ್ರೈವ್, ಅಂದರೆ ಡ್ರೈವರ್‌ನಿಂದ ಗ್ರಿಡ್ಡಿಗೆ ಬರುವ ಸಿಗ್ನಲ್: 6146 ಆದರೆ ಗ್ರಿಡ್ ಕರೆಂಟ್ ಸುಮಾರು 3 ಮಿಲಿಆಂಪ್. ಆಮೇಲೆ ಲೋಡಿಂಗ್ ಕಡಿಮೆ ಇಟ್ಟು, ಪ್ಲೇಟ್ ಟ್ಯೂನಿಂಗ್ ತಿರುಗಿಸಿ ಪ್ಲೇಟ್ ಕರೆಂಟ್ ಮೀಟರ್‌ನ ಮುಳ್ಳು ಕೆಳಗೆ ಕುಸಿಯುವ ಜಾಗ ಹಿಡಿಯಿರಿ. ಕೀ ಒಂದು ಸಲಕ್ಕೆ ಐದು ಸೆಕೆಂಡ್ ಮಾತ್ರ. ಲೋಡಿಂಗ್ ಸ್ವಲ್ಪ ಹೆಚ್ಚಿಸಿ, ಮತ್ತೆ ಕುಸಿತ ಹುಡುಕಿ; ಹೀಗೆ ಒಂದು 807ಕ್ಕೆ 100 ಮಿಲಿಆಂಪ್ ದಾಟದಂತೆ ಏರಿಸಿ. ಹಳೆ ಸೆಟ್‌ಗಳಲ್ಲಿ ಕೀ ಜ್ಯಾಕ್ ಮೇಲೂ ನೂರಾರು ವೋಲ್ಟ್ ಇರಬಹುದು, ತೆರೆದ ಲೋಹದ ಕೀ ಬಳಸುವ ಮುನ್ನ ಅಳೆಯಿರಿ.

ಆಂಟೆನಾ ಹಾಕಲು ಲೈಸೆನ್ಸ್ ಜೊತೆಗೆ ಇನ್ನೊಂದು ತಪಾಸಣೆ ಬೇಕು. ಎಚ್‌ಟಿ ಆಂಟೆನಾ ಕಡೆ ಹೋಗದಂತೆ ತಡೆಯುವ ಪ್ಲೇಟಿನ ಬ್ಲಾಕಿಂಗ್ ಕೆಪಾಸಿಟರ್ ಶಾರ್ಟ್ ಆದರೆ ಪೂರ್ತಿ ಎಚ್‌ಟಿ ಆಂಟೆನಾ ತಂತಿಗೇ ಬರುತ್ತದೆ. ಆಂಟೆನಾ ಸಾಕೆಟ್ಟಿನಿಂದ ಚಾಸಿಸ್‌ಗೆ 2.5 ಮಿಲಿಹೆನ್ರಿ ಚೋಕ್ (ತಂತಿ ಸುರುಳಿ) ಇದ್ದರೆ ಫ್ಯೂಸ್ ಹಾರಿ ಬಚಾವ್. ಪ್ಲಗ್ ಕಿತ್ತು ಡಿಸ್ಚಾರ್ಜ್ ಮಾಡಿ, ಡಮ್ಮಿ ಲೋಡ್ ತೆಗೆದು ಆ ಸಾಕೆಟ್ಟಿನಿಂದ ಚಾಸಿಸ್‌ಗೆ ಓಮ್ ಅಳೆಯಿರಿ. ಹತ್ತಾರು ಓಮ್ ಅಷ್ಟೇ ಬರಬೇಕು, ಓಪನ್ ತೋರಿಸಿದರೆ ಚೋಕ್ ಇಲ್ಲ ಅಥವಾ ಕಡಿದಿದೆ. ಹೊಸದು ಬೆಸುಗೆ ಹಾಕಿದ ಮೇಲೆಯೇ ಆಂಟೆನಾ ಸಿಕ್ಕಿಸಿ.